ಒಂದೇ ಚಾರ್ಟರ್ ಶಾಲೆ: ಮಗಳ ಪಾಲಿಗೆ ನಾಲ್ಕು ಸ್ಟಾರ್, ಮಗನ ಪಾಲಿಗೆ ಎರಡು

ಅರಿಜೋನಾದ ಚಾಂಡ್ಲರ್, ಗಿಲ್ಬರ್ಟ್ ಕಡೆ ಕೆಲಸ ಸಿಕ್ಕಿ ಬರುವ ಕನ್ನಡದವರು ಮನೆ ನೋಡುವ ಮೊದಲೇ ಶಾಲೆ ವಿಚಾರಿಸುತ್ತಾರೆ. ಅದರಲ್ಲೂ ಚಾರ್ಟರ್ ಶಾಲೆಯ ಮಾತೇ ಹೆಚ್ಚು. ನಮ್ಮ ಇಬ್ಬರು ಮಕ್ಕಳೂ ಇಲ್ಲಿನ ಒಂದು ಚಾರ್ಟರ್ ಶಾಲೆಯಲ್ಲಿ ಓದಿದರು. ಮಗಳು ಐದನೇ ತರಗತಿಗೆ ಸೇರಿ ಹನ್ನೆರಡು ಮುಗಿಸಿಕೊಂಡೇ ಹೊರಬಂದಳು. ಮಗನೂ ಐದಕ್ಕೇ ಸೇರಿದ, ಎಂಟು ಮುಗಿದ ಮೇಲೆ ಬಿಟ್ಟು ಸ್ಥಳೀಯ ಶಾಲಾ ಜಿಲ್ಲೆ (ಸ್ಕೂಲ್ ಡಿಸ್ಟ್ರಿಕ್ಟ್) ನಡೆಸುವ ಸರ್ಕಾರಿ ಹೈಸ್ಕೂಲಿಗೆ ಹೋದ. ಮಗಳ ಪಾಲಿಗೆ ನಾಲ್ಕು ಸ್ಟಾರ್ ಕೊಡುತ್ತೇನೆ, ಮಗನ ಪಾಲಿಗೆ ಎರಡು. ಎರಡನ್ನೂ ಸೇರಿಸಿ ಮೂರು ಅಂತ ಹಾಕಿದರೆ ಅದು ಇಬ್ಬರಲ್ಲಿ ಯಾರ ಅನುಭವವೂ ಆಗುವುದಿಲ್ಲ. ಶಾಲೆಯ ಹೆಸರು ಬರೆಯುತ್ತಿಲ್ಲ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು, ಓದಿಗೆ ಹೆಸರಾದ ಇಲ್ಲಿನ ಬೇರೆ ಚಾರ್ಟರ್ ಶಾಲೆಗಳಿಗೂ ಹೊಂದುತ್ತದೆ ಅಂತ ಅಲ್ಲಿಯ ತಂದೆತಾಯಿಯರ ಜೊತೆ ಮಾತಾಡಿ ತಿಳಿದುಕೊಂಡಿದ್ದೇನೆ.

ಹೊಸದಾಗಿ ಬಂದವರಿಗೆ ಒಂದೆರಡು ವಿಷಯ. ಚಾರ್ಟರ್ ಶಾಲೆ ಅಂದರೆ ದುಡ್ಡು ಸರ್ಕಾರದ್ದು, ಆಡಳಿತ ಖಾಸಗಿಯವರದ್ದು. ನಮ್ಮೂರಿನ ಅನುದಾನಿತ ಶಾಲೆಗೆ ಸ್ವಲ್ಪ ಹತ್ತಿರ, ಆದರೆ ಇಲ್ಲಿ ಪಾಠಕ್ರಮ, ಮೇಷ್ಟರ ನೇಮಕ, ಸಂಬಳ ಎಲ್ಲದರಲ್ಲೂ ಆಡಳಿತ ಮಂಡಳಿಗೆ ಬಹಳ ಸ್ವಾತಂತ್ರ್ಯ. ಅಮೆರಿಕದಲ್ಲಿ ಇಂಥ ಶಾಲೆಗೆ ಮೊದಲು ಕಾನೂನು ಮಾಡಿದ್ದು ಮಿನೆಸೋಟಾ, 1991ರಲ್ಲಿ. ಅರಿಜೋನಾ 1994ರಲ್ಲೇ ಮಾಡಿತು, ಅದೂ ತೀರಾ ಸಡಿಲವಾಗಿ. ಹಾಗಾಗಿ ಈಗ ಈ ರಾಜ್ಯದ ಸಾರ್ವಜನಿಕ ಶಾಲೆಗಳ ಮಕ್ಕಳಲ್ಲಿ ಸುಮಾರು ಐದರಲ್ಲಿ ಒಬ್ಬರು ಚಾರ್ಟರ್‌ನಲ್ಲೇ ಇದ್ದಾರೆ. ಫೀಸ್ ತೆಗೆದುಕೊಳ್ಳುವಂತಿಲ್ಲ. ಪ್ರವೇಶ ಪರೀಕ್ಷೆ ಮಾಡುವಂತಿಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ, ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿದ್ದರೆ ತಮ್ಮ ತಂಗಿಯರಿಗೆ ಆದ್ಯತೆ. ಮಗಳಿಗೆ ಸೀಟು ಸಿಕ್ಕಿದ್ದು ಲಾಟರಿಯಲ್ಲಿ. ಮಗನಿಗೆ ಸಿಕ್ಕಿದ್ದು ಅಕ್ಕ ಅಲ್ಲಿದ್ದಳು ಎಂಬ ಕಾರಣಕ್ಕೆ. ಶಾಲೆ ಮಗುವಿನ ಸ್ವಭಾವಕ್ಕೆ ಹೊಂದುತ್ತದೋ ಇಲ್ಲವೋ ಅನ್ನುವುದನ್ನು ಯಾರೂ ನೋಡುವುದಿಲ್ಲ. ಸೀಟು ಸಿಕ್ಕ ಮೇಲೆ ಯಾವ ಮಟ್ಟದ ಗಣಿತಕ್ಕೆ ಹಾಕಬೇಕು ಅಂತ ಒಂದು ಪರೀಕ್ಷೆ ಮಾಡುತ್ತಾರೆ, ಅಷ್ಟೆ.

ಫೀಸ್ ಇಲ್ಲ ಅಂದ ಮಾತ್ರಕ್ಕೆ ಖರ್ಚಿಲ್ಲ ಅಂತಲ್ಲ. ಜಿಲ್ಲಾ ಶಾಲೆಗಳಂತೆ ಸ್ಥಳೀಯ ಆಸ್ತಿ ತೆರಿಗೆಯಿಂದ ತೀರಿಸುವ ಸಾಲ (ಬಾಂಡ್) ಎತ್ತುವ ಅಧಿಕಾರ ಚಾರ್ಟರ್‌ಗೆ ಇಲ್ಲ. ಅದರ ಪರಿಣಾಮ ಶಾಲೆಯ ಕಟ್ಟಡ ನೋಡಿದರೇ ಗೊತ್ತಾಗುತ್ತದೆ. ಆಟದ ಮೈದಾನದ ಹೆಸರಲ್ಲಿ ಅಂಗೈಯಗಲ ಕೃತಕ ಹುಲ್ಲು, ದೊಡ್ಡ ಸಭಾಂಗಣ ಇಲ್ಲ, ಶಾಲೆಯ ಬಸ್ ಇಲ್ಲ. ಚಾಂಡ್ಲರ್‌ನಲ್ಲಿ ಜುಲೈ ಕೊನೆಗೇ ಶಾಲೆ ಶುರುವಾಗುತ್ತದೆ. ಆಗಸ್ಟ್ ಮಧ್ಯಾಹ್ನ ನಲವತ್ಮೂರು ಡಿಗ್ರಿ ಬಿಸಿಲಲ್ಲಿ ಎಂಜಿನ್ ಆರಿಸದೆ ಕಾರಿನ ಸಾಲಿನಲ್ಲಿ ಕಾಯುವುದು ದಿನನಿತ್ಯದ ಕೆಲಸ. ನಮ್ಮಲ್ಲಿ ಒಬ್ಬರಿಗೆ ಮನೆಯಿಂದ ಕೆಲಸ ಮಾಡುವ ಅನುಕೂಲ ಇದ್ದದ್ದರಿಂದ ನಡೆಯಿತು. ಮಗಳ ಜೊತೆ ಆರನೇ ತರಗತಿಯಲ್ಲಿದ್ದ ಒಬ್ಬ ಹುಡುಗಿ ಓದಿನಲ್ಲಿ ಎಲ್ಲರಿಗಿಂತ ಮುಂದಿದ್ದಳು, ಶಾಲೆ ಅಂದರೆ ಅವಳಿಗೆ ಪ್ರಾಣ. ಅವಳ ತಾಯಿ ನರ್ಸ್, ಒಬ್ಬರೇ ದುಡಿಯುವವರು. ಶಿಫ್ಟ್ ಬದಲಾದ ಮೇಲೆ ಮಗಳನ್ನು ಕರೆತರುವವರು ಯಾರೂ ಇಲ್ಲದೆ ಬಿಡಿಸಬೇಕಾಯಿತು. ಎಲ್ಲರಿಗೂ ತೆರೆದ ಬಾಗಿಲು ಅಂತ ಶಾಲೆ ಹೇಳಿಕೊಳ್ಳುವಾಗೆಲ್ಲ ನನಗೆ ಆ ಮಗು ನೆನಪಾಗುತ್ತದೆ.

ಇದರ ಮೇಲೆ ವರ್ಷಕ್ಕೊಮ್ಮೆ ದೇಣಿಗೆ ಪತ್ರ ಬರುತ್ತದೆ, ಮಗುವಿಗೆ ಇಷ್ಟು ಎಂದು ಮೊತ್ತ ಹಾಕಿ. ಕೊಡದಿದ್ದರೆ ಏನೂ ಮಾಡುವುದಿಲ್ಲ, ಅದು ನಿಜ. ಆದರೂ ಪತ್ರದ ಧಾಟಿ ಎಲ್ಲರ ಕೈಗೆಟಕುವ ಧಾಟಿಯಲ್ಲ. ಪಠ್ಯೇತರ ಚಟುವಟಿಕೆಗೆ ಕೊಟ್ಟರೆ ದಂಪತಿಗೆ 400 ಡಾಲರ್‌ವರೆಗೆ ರಾಜ್ಯದ ತೆರಿಗೆಯಲ್ಲಿ ಪೂರ್ತಿ ವಜಾ ಆಗುತ್ತದೆ, ಅದನ್ನು ಬಳಸಿಕೊಳ್ಳಿ.

ಇನ್ನು ಓದು. ಮಗಳ ಮಟ್ಟಿಗೆ ಈ ಶಾಲೆ ಕೊಟ್ಟದ್ದನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಏಳನೇ ತರಗತಿಯ ಇತಿಹಾಸದ ಮೇಷ್ಟರು ಅವಳ ಪ್ರಬಂಧ ವಾಪಸ್ ಕೊಟ್ಟಾಗ ಅಂಚಿನಲ್ಲಿ ಮೂರು ಕಡೆ ‘ಆಧಾರ ಎಲ್ಲಿ?’ ಅಂತ ಬರೆದಿದ್ದರು. ಅವಳು ಅತ್ತಳು, ಮತ್ತೆ ಬರೆದಳು. ಆ ವರ್ಷ ಮುಗಿಯುವುದರೊಳಗೆ ಊಟಕ್ಕೆ ಕೂತಾಗ ನಾವೇನಾದರೂ ಸುದ್ದಿ ಹೇಳಿದರೆ ಅದೇ ಪ್ರಶ್ನೆಯನ್ನು ನಮಗೆ ಕೇಳುತ್ತಿದ್ದಳು. ಹತ್ತನೇ ತರಗತಿಯಲ್ಲೇ ಎಪಿ (ಹೈಸ್ಕೂಲಿನಲ್ಲಿದ್ದಾಗಲೇ ಬರೆಯುವ ಕಾಲೇಜು ಮಟ್ಟದ) ಪರೀಕ್ಷೆಗಳನ್ನು ಬರೆದಳು. ಆ ಅಂಕಗಳಿಗೆ ಅರಿಜೋನಾ ಸ್ಟೇಟ್ ಯೂನಿವರ್ಸಿಟಿ ಕ್ರೆಡಿಟ್ ಕೊಟ್ಟಿದ್ದರಿಂದ ಕಾಲೇಜಿನ ಮೊದಲ ವರ್ಷದ ಎಷ್ಟೋ ಕೋರ್ಸುಗಳನ್ನು ತೆಗೆದುಕೊಳ್ಳುವುದು ತಪ್ಪಿತು, ದುಡ್ಡೂ ಉಳಿಯಿತು. ಅವಳಿಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಹಿಂದಿನ ಶಾಲೆಯಲ್ಲಿ ಬಿಡುವಿನ ವೇಳೆ ಪುಸ್ತಕ ಹಿಡಿದು ಕೂತರೆ ರೇಗಿಸುವವರಿದ್ದರು. ಇಲ್ಲಿ ಕೂತವರ ಪಕ್ಕದಲ್ಲಿ ಇನ್ನೊಬ್ಬರು ಪುಸ್ತಕ ಹಿಡಿದು ಬಂದು ಕೂರುತ್ತಿದ್ದರು.

ಒಂದು ಸ್ಟಾರ್ ಕಳೆದದ್ದು ನಿದ್ದೆಗೆ. ಒಂಬತ್ತನೇ ತರಗತಿಯಿಂದ ಅವಳು ರಾತ್ರಿ ಹನ್ನೊಂದೂವರೆಗೆ ಮೊದಲು ಮಲಗಿದ್ದು ರಜೆಯಲ್ಲಿ ಮಾತ್ರ. ಭರತನಾಟ್ಯ ನಿಂತಿತು. ಶನಿವಾರದ ಕನ್ನಡ ಕ್ಲಾಸೂ ನಿಂತಿತು. ಅಜ್ಜಿ ಹಾಸನದಿಂದ ಬಂದು ಮೂರು ತಿಂಗಳಿದ್ದಾಗ, ಮೊಮ್ಮಗಳು ಸಿಗುವುದು ತಿಂಡಿಯ ಹೊತ್ತಿಗೆ ಮಾತ್ರ ಅಂತ ಬೇಸರ ಮಾಡಿಕೊಂಡರು. ಇದನ್ನು ನಾವು ಲೆಕ್ಕಕ್ಕೆ ಹಿಡಿಯಲೇಬೇಕು.

ಮಗನದು ಬೇರೆಯದೇ ಕಥೆ. ಚುರುಕು ಹುಡುಗ, ಬಾಯಲ್ಲಿ ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ, ಬರೆಯುವುದು ಮಾತ್ರ ನಿಧಾನ. ಪರೀಕ್ಷೆ ಮಾಡಿಸಿ, ವೈದ್ಯರ ವರದಿ ಕೊಟ್ಟು, ‘504 ಪ್ಲಾನ್’ ಮಾಡಿಸಿದೆವು. 1973ರ ಕಾನೂನಿನ 504ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳಿಗೆ ಅನುಕೂಲ ಮಾಡಿಕೊಡುವುದು ಶಾಲೆಯ ಕರ್ತವ್ಯ, ಚಾರ್ಟರ್ ಆದರೂ ಬಿಡುವಂತಿಲ್ಲ. ಟೆಸ್ಟ್‌ಗಳಿಗೆ ಒಂದೂವರೆ ಪಟ್ಟು ಸಮಯ ಅಂತ ಕಾಗದದ ಮೇಲೆ ಬಂತು. ಕೆಲವು ವಾರಗಳಾದ ಮೇಲೆ ಅವನ ಊಟದ ಡಬ್ಬಿ ತುಂಬಿದ ಹಾಗೇ ವಾಪಸ್ ಬರತೊಡಗಿತು. ಚಪಾತಿ ಸುರುಳಿಯೂ ಬಿಚ್ಚಿರುತ್ತಿರಲಿಲ್ಲ. ಮೊದಲು ಪಲ್ಯ ಸೇರುತ್ತಿಲ್ಲವೇನೋ ಅಂದುಕೊಂಡು ಬದಲಾಯಿಸಿ ನೋಡಿದೆ. ಕೂರಿಸಿಕೊಂಡು ಕೇಳಿದಾಗ ಗೊತ್ತಾಯಿತು: ಆ ಹೆಚ್ಚುವರಿ ಸಮಯವನ್ನು ಅವನ ಊಟದ ಬಿಡುವಿನಿಂದಲೇ ಕೊಡುತ್ತಿದ್ದರು. ವಾರದಲ್ಲಿ ಮೂರು ಟೆಸ್ಟ್ ಇದ್ದರೆ ಮೂರು ದಿನ ಊಟವಿಲ್ಲ, ಗೆಳೆಯರಿಲ್ಲ.

ಕೇಳಲು ಹೋದಾಗ ಯಾರೂ ಒರಟಾಗಿ ಮಾತಾಡಲಿಲ್ಲ. ಜಿಲ್ಲೆಯಲ್ಲಾದರೆ ಇದಕ್ಕೆಂದೇ ಒಂದು ವಿಭಾಗ ಇರುತ್ತದೆ. ಇಲ್ಲಿ ಒಬ್ಬರೇ ಸಿಬ್ಬಂದಿ, ಅವರೇ ಕೌನ್ಸೆಲರ್, ಅವರೇ ಪರೀಕ್ಷೆಯ ವೇಳಾಪಟ್ಟಿಯನ್ನೂ ನೋಡಬೇಕು. ಆಡಳಿತ ಮಂಡಳಿಯ ಸಭೆಗೂ ಹೋದೆ. ಸಭೆಗಳು ಸಾರ್ವಜನಿಕ, 24 ಗಂಟೆ ಮೊದಲು ಕಾರ್ಯಸೂಚಿ ಪ್ರಕಟಿಸಬೇಕು ಅಂತ ರಾಜ್ಯದ ಕಾನೂನಿದೆ. ಕೇಳಿಸಿಕೊಂಡರು, ಬರೆದುಕೊಂಡರು. ಮಂಡಳಿಯವರನ್ನು ನಾವು ಓಟು ಹಾಕಿ ಆರಿಸುವುದಿಲ್ಲ, ಆದ್ದರಿಂದ ಇಳಿಸಲೂ ಆಗುವುದಿಲ್ಲ. ಜಿಲ್ಲೆಯ ಶಾಲಾ ಮಂಡಳಿಗೂ ಇದಕ್ಕೂ ಇರುವ ಈ ವ್ಯತ್ಯಾಸ, ಎಲ್ಲ ಸರಿಯಿದ್ದಷ್ಟು ದಿನ ಕಣ್ಣಿಗೇ ಬೀಳುವುದಿಲ್ಲ. ಊಟದ ಬಿಡುವು ಆ ವರ್ಷ ಅರ್ಧದಷ್ಟು ಮಾತ್ರ ಸರಿಹೋಯಿತು. ಎಂಟು ಮುಗಿಯುತ್ತಲೇ ಅವನೇ ಹೇಳಿದ, ಹೊರಡೋಣ ಅಂತ. ಈಗ ಜಿಲ್ಲಾ ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುತ್ತಾನೆ, ಎಪಿ ಕೋರ್ಸುಗಳನ್ನೂ ತೆಗೆದುಕೊಂಡಿದ್ದಾನೆ. ಮೈದಾನ, ಬ್ಯಾಂಡ್, ಫುಟ್‌ಬಾಲ್ ಪಂದ್ಯದ ಶುಕ್ರವಾರ, ಇದ್ಯಾವುದೂ ಹಳೆಯ ಶಾಲೆಯಲ್ಲಿ ಇರಲೇ ಇಲ್ಲ.

ಈಗ ಅಸಲು ವಿಷಯ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತು ಈ ಶಾಲೆಯ ಬಗ್ಗೆ ಅಪ್ಪಅಮ್ಮಂದಿರನ್ನು ಕೇಳಿ ನೋಡಿ. ರ‍್ಯಾಂಕಿಂಗ್ ಹೇಳುತ್ತಾರೆ, ಯಾರ ಮಗ ಯಾವ ಕಾಲೇಜಿಗೆ ಹೋದ ಅಂತ ಹೇಳುತ್ತಾರೆ. ಅದೇ ಮನೆಯ ಮಕ್ಕಳನ್ನು ಬೇರೆ ಕೂರಿಸಿ ಕೇಳಿದರೆ, ಮಧ್ಯದಲ್ಲಿ ಬಿಟ್ಟುಹೋದ ರಸಾಯನಶಾಸ್ತ್ರದ ಮೇಷ್ಟರ ಬಗ್ಗೆ, ಶಾಲೆ ಬಿಟ್ಟ ಗೆಳೆಯರ ಬಗ್ಗೆ, ರಾತ್ರಿ ಎಷ್ಟು ಹೊತ್ತಿಗೆ ಮಲಗಿದರು ಎಂಬುದರ ಬಗ್ಗೆ ಹೇಳುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಅಪ್ಪಅಮ್ಮ ನೋಡುವುದು ಹನ್ನೆರಡನೇ ತರಗತಿಯ ಕೊನೆಯನ್ನು, ಮಕ್ಕಳು ಬದುಕುವುದು ಮಂಗಳವಾರ ಮಧ್ಯಾಹ್ನವನ್ನು. ತಿರುಗುಮುರುಗೂ ಇದೆ: ಮಗು ಇಲ್ಲೇ ಇರುತ್ತೇನೆ ಅಂತ ಹಟ ಹಿಡಿದು, ಡ್ರೈವಿಂಗಿಗೆ ಸುಸ್ತಾದ ತಂದೆತಾಯಿ ಬಿಡಿಸಿದ ಮನೆಗಳೂ ನನಗೆ ಗೊತ್ತು.

ಆನ್‌ಲೈನ್ ವಿಮರ್ಶೆಗಳನ್ನೂ ಇದೇ ಎಚ್ಚರದಲ್ಲಿ ಓದಿ. ಐದು ಸ್ಟಾರ್ ಬರೆದವರು ಹೆಚ್ಚಾಗಿ ಐದಾರನೇ ತರಗತಿ ಮಕ್ಕಳ ತಂದೆತಾಯಿ, ಒಂದು ಸ್ಟಾರ್ ಬರೆದವರು ಹೆಚ್ಚಾಗಿ ಎಂಟು, ಒಂಬತ್ತರ ಮಕ್ಕಳು. ನಡುವೆ ಸದ್ದಿಲ್ಲದೆ ಬಿಟ್ಟುಹೋದವರು ಏನೂ ಬರೆಯುವುದಿಲ್ಲ, ಅವರ ಸಂಖ್ಯೆಯೇ ದೊಡ್ಡದು. ಮಗಳು ಸೇರಿದಾಗ ಐದನೇ ತರಗತಿಗೆ ನಾಲ್ಕು ಸೆಕ್ಷನ್ ಇತ್ತು. ಅವಳ ಜೊತೆ ಪದವಿ ಪಡೆದವರು ಎರಡು ಸೆಕ್ಷನ್ನಿಗೂ ಆಗುತ್ತಿರಲಿಲ್ಲ. ರಾಷ್ಟ್ರಮಟ್ಟದ ರ‍್ಯಾಂಕಿಂಗ್‌ನಲ್ಲಿ ಎಪಿ ಬರೆದ ಹನ್ನೆರಡನೇ ತರಗತಿಯವರ ಪಾಲಿಗೆ ಒಳ್ಳೆಯ ತೂಕವಿದೆ. ಆದರೆ ಆ ಲೆಕ್ಕಕ್ಕೆ ಸಿಗುವವರು ಹನ್ನೆರಡರವರೆಗೆ ಉಳಿದವರು ಮಾತ್ರ. ಓದಿನ ಮಟ್ಟ ಸುಳ್ಳಲ್ಲ, ಮಗಳ ತಲೆಯಲ್ಲಿ ಅದು ಕೂತಿದೆ. ಆದರೆ ಎಲ್ಲ ಮಕ್ಕಳನ್ನೂ ಆ ಮಟ್ಟಕ್ಕೆ ಏರಿಸುವ ಶಾಲೆ ಅಂತ ಆ ಅಂಕಿ ನೋಡಿ ತೀರ್ಮಾನಿಸಬೇಡಿ. ಸ್ಟ್ಯಾನ್‌ಫರ್ಡ್‌ನ ಕ್ರೆಡೊ ಎಂಬ ಶಿಕ್ಷಣ ಸಂಶೋಧನಾ ಕೇಂದ್ರ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಾರ್ಟರ್ ಮಕ್ಕಳು ತಮ್ಮಂಥದೇ ಹಿನ್ನೆಲೆಯ ಬೇರೆ ಸರ್ಕಾರಿ ಶಾಲೆಯ ಮಕ್ಕಳಿಗಿಂತ ವರ್ಷಕ್ಕೆ ಓದುವ ಕೌಶಲದಲ್ಲಿ 16 ದಿನ, ಗಣಿತದಲ್ಲಿ 6 ದಿನದ ಪಾಠದಷ್ಟು ಮುಂದಿದ್ದರು. ಅದು ಹಲವು ರಾಜ್ಯಗಳನ್ನು ಸೇರಿಸಿದ ಸರಾಸರಿ. ಶಾಲೆಯಿಂದ ಶಾಲೆಗೆ ಅಜಗಜಾಂತರ ಇರುತ್ತದೆ, ನಮ್ಮ ಮನೆಯಲ್ಲಂತೂ ಒಂದೇ ಶಾಲೆಯೊಳಗೇ ಇತ್ತು.

ಮೇಷ್ಟರುಗಳ ಬಗ್ಗೆ ಒಂದು ಮಾತು. ಅರಿಜೋನಾದ ಚಾರ್ಟರ್‌ನಲ್ಲಿ ಪಾಠ ಮಾಡಲು ರಾಜ್ಯದ ಶಿಕ್ಷಕ ಪ್ರಮಾಣಪತ್ರ ಕಡ್ಡಾಯವಲ್ಲ. ಇದರಿಂದ ಪಿಎಚ್‌ಡಿ ಮಾಡಿದವರು ಭೌತಶಾಸ್ತ್ರ ಕಲಿಸಲು ಬಂದದ್ದೂ ಉಂಟು, ತರಗತಿ ಹಿಡಿಯಲಾಗದೆ ಅಕ್ಟೋಬರ್‌ಗೇ ಹೋದವರೂ ಉಂಟು. ಉಳಿದವರು ಮಾತ್ರ ನಿಜವಾಗಿಯೂ ಚಿನ್ನದಂಥವರು.

ಅರ್ಜಿ ಹಾಕುವವರು, ಪ್ರಿನ್ಸಿಪಾಲರು ಶಾಲೆ ಸುತ್ತಿಸಿ ತೋರಿಸಿದ್ದಕ್ಕೇ ತೃಪ್ತರಾಗಬೇಡಿ. ಐದನೇ ತರಗತಿಯಲ್ಲಿ ಎಷ್ಟು ಮಕ್ಕಳು, ಹನ್ನೆರಡರಲ್ಲಿ ಎಷ್ಟು ಅಂತ ಕೇಳಿ. ಎಂಟನೇ ತರಗತಿಗೆ ಪಾಠ ಮಾಡುವವರು ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿ. ನಿಮ್ಮ ಮಗುವಿಗೆ 504 ಬೇಕಾಗುವಂತಿದ್ದರೆ, ಹೆಚ್ಚುವರಿ ಸಮಯ ದಿನದ ಯಾವ ಪೀರಿಯಡ್‌ನಲ್ಲಿ ಸಿಗುತ್ತದೆ ಎಂಬುದನ್ನು ಪ್ಲಾನಿನಲ್ಲೇ ಬರೆಸಿಕೊಳ್ಳಿ. ರಾಜ್ಯದ ಚಾರ್ಟರ್ ಮಂಡಳಿಯ ಜಾಲತಾಣದಲ್ಲಿ ಪ್ರತಿ ಶಾಲೆಯ ಓದಿನ ಮತ್ತು ಹಣಕಾಸಿನ ವಿವರ ಇದೆ, ಅದನ್ನೂ ನೋಡಿ. ಕೆಲವು ಶಾಲೆಗಳು ಮಗುವನ್ನು ಒಂದು ದಿನ ತರಗತಿಯಲ್ಲಿ ಕೂರಲು ಬಿಡುತ್ತವೆ. ಕಳಿಸಿ, ಸಂಜೆ ಮನೆಗೆ ಬಂದಾಗ ಶಾಲೆ ಹೇಗಿತ್ತು ಅಂತ ಕೇಳಬೇಡಿ, ಊಟಕ್ಕೆ ಯಾರ ಜೊತೆ ಕೂತೆ ಅಂತ ಕೇಳಿ. ತಮ್ಮನನ್ನೋ ತಂಗಿಯನ್ನೋ ಕಳಿಸುವ ಮೊದಲೂ ಇದನ್ನೆಲ್ಲ ಹೊಸದಾಗಿ ಮಾಡಿ, ಸೀಟು ತಾನಾಗೇ ಸಿಗುತ್ತಿದ್ದರೂ ಸರಿ.