ಕಲ್ಲಿದ್ದಲಿನ ಪ್ರಯೋಗಕ್ಕೆ ತರಿಸಿದ ಕೋಲೀನ್ ಕ್ಲೋರೈಡ್

ಕಲ್ಲಿದ್ದಲನ್ನು ಅನಿಲ ಅಥವಾ ದ್ರವ ಇಂಧನವಾಗಿ ಪರಿವರ್ತಿಸುವ ಮೊದಲು ಅದನ್ನು ಹಸಿರು ದ್ರಾವಕದಲ್ಲಿ, ಅಂದರೆ ಪರಿಸರಕ್ಕೆ ಹೆಚ್ಚು ಹಾನಿ ಮಾಡದ ದ್ರಾವಕದಲ್ಲಿ, ನೆನೆಸುವ ಕ್ರಮವನ್ನು ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಬೇಕೆಂದು, ಶಿವಮೊಗ್ಗದ ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಜೂನ್ ತಿಂಗಳಲ್ಲಿ ಆ ದ್ರಾವಕ ತಯಾರಿಸಲು ಬೇಕಾದ ಅರ್ಧ ಕಿಲೋ ಕೋಲೀನ್ ಕ್ಲೋರೈಡ್ ಪುಡಿ ತರಿಸಿದೆವು. ವಸ್ತು ಉತ್ತಮವಾಗಿದೆ; ಅದನ್ನು ತುಂಬಿಸಿದ ಡಬ್ಬಿ ಮಾತ್ರ ಮಲೆನಾಡಿಗೆ ತಕ್ಕದ್ದಲ್ಲ.

ಕೋಲೀನ್ ಕ್ಲೋರೈಡ್ ಕೋಳಿ ಆಹಾರಕ್ಕೂ ಸೇರಿಸುವ ವಸ್ತು. ದ್ರಾವಕ ಮಾಡಲು ಇದರ ಜೊತೆಗೆ ಬೇಕಾದ ಯೂರಿಯಾ ನಮ್ಮ ಗದ್ದೆ, ತೋಟಗಳಿಗೆ ಹಾಕುವ ಗೊಬ್ಬರವೇ. ಬಿಡಿಯಾಗಿ ಮೊದಲನೆಯದು ಸುಮಾರು 302 ಡಿಗ್ರಿಯಲ್ಲಿ, ಎರಡನೆಯದು 133 ಡಿಗ್ರಿಯಲ್ಲಿ ಕರಗುತ್ತದೆ. ಆದರೆ 14 ಗ್ರಾಂ ಕೋಲೀನ್ ಕ್ಲೋರೈಡಿಗೆ 12 ಗ್ರಾಂ ಯೂರಿಯಾ ಬೆರೆಸಿ 80 ಡಿಗ್ರಿ ಶಾಖದಲ್ಲಿ ಕಲಕುತ್ತಿದ್ದರೆ, ಹನಿ ನೀರನ್ನೂ ಹಾಕದೆ ಎರಡು ಪುಡಿಗಳೂ ತಿಳಿದ್ರವವಾಗುತ್ತವೆ. ಆ ದ್ರವ ತಣಿದ ಮೇಲೂ ಸುಮಾರು 12 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ವಿದ್ಯಾರ್ಥಿಗಳ ಮುಖದಲ್ಲಿ ಅಂದು ಕಂಡ ಅಚ್ಚರಿಗಾಗಿಯಾದರೂ ಈ ಖರೀದಿ ಸಾರ್ಥಕ ಎನಿಸಿತು.

ಕಮ್ಮಾರಸಾಲೆಯಿಂದ ತಂದ ಕಲ್ಲಿದ್ದಲನ್ನು ಕುಟ್ಟಿ, ಜರಡಿ ಹಿಡಿದು ಈ ದ್ರವದಲ್ಲಿ ನೆನೆಸಿದೆವು. ಕಲ್ಲಿದ್ದಲಿನ ದೊಡ್ಡ ಅಣುಗಳನ್ನು ಹಿಡಿದಿಟ್ಟಿರುವ ಹೈಡ್ರೋಜನ್ ಬಂಧಗಳಲ್ಲಿ ಕೆಲವನ್ನು ದ್ರಾವಕ ಸಡಿಲಿಸುವುದರಿಂದ ಕಣಗಳು ಉಬ್ಬಿಕೊಳ್ಳುತ್ತವೆ, ಮುಂದಿನ ಹಂತದ ರಾಸಾಯನಿಕಗಳಿಗೆ ಒಳಹೋಗಲು ದಾರಿಯಾಗುತ್ತದೆ. ಇದೇ ಕೆಲಸಕ್ಕೆ ಹಿಂದೆ ಪಿರಿಡಿನ್ ಎಂಬ ದ್ರಾವಕ ಬಳಸುತ್ತಿದ್ದಾಗ ಅದರ ನಾತಕ್ಕೆ ಕಿಟಕಿಯ ಬಳಿ ಓಡಬೇಕಾಗುತ್ತಿತ್ತು. ಈ ದ್ರವ ಬಹುತೇಕ ಆವಿಯಾಗುವುದೇ ಇಲ್ಲ, ಸುಲಭವಾಗಿ ಬೆಂಕಿಯೂ ಹತ್ತುವುದಿಲ್ಲ. ತಣ್ಣಗಿದ್ದಾಗ ಜೇನಿನಂತೆ ಮಂದವಾಗಿರುವುದರಿಂದ ಬಿಸಿಯಿರುವಾಗಲೇ ಸೋಸಬೇಕು. ಹಾಗೆಂದು ಶಾಖವನ್ನು ಮಿತಿಮೀರಿ ಏರಿಸಿದರೆ ಯೂರಿಯಾ ಒಡೆದು ಅಮೋನಿಯಾ ಹೊರಡುತ್ತದೆ.

ಇನ್ನು ಡಬ್ಬಿಯ ವಿಷಯ. ಕೋಲೀನ್ ಕ್ಲೋರೈಡ್ ಗಾಳಿಯ ತೇವವನ್ನು ಬಹಳ ಬೇಗ ಹೀರುತ್ತದೆ. ಒಳಮುಚ್ಚಳವೇ ಇಲ್ಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಳುಹಿಸಿದ್ದರಿಂದ, ಜುಲೈ ಮಳೆ ಹಿಡಿದ ಮೇಲೆ ಪುಡಿಯೆಲ್ಲ ಗಂಟುಗಟ್ಟಿ, ಆಮೇಲೆ ಪಾಕದಂತಾಯಿತು. ನೀರು ಸೇರಿದ ಪುಡಿಯನ್ನು ತೂಗಿದರೆ ಪ್ರಮಾಣವೇ ತಪ್ಪುತ್ತದೆ. ಸುಮಾರು ಅರ್ಧದಷ್ಟು ಹಾಳಾಯಿತು. ಮಲೆನಾಡಿನವರು ನೂರು ಗ್ರಾಂನ ಗಾಜಿನ ಸೀಸೆಗಳನ್ನೇ ಕೇಳಿ ತರಿಸಿಕೊಂಡು, ತೇವ ಹೀರುವ ಸಿಲಿಕಾ ಜೆಲ್ ಹಾಕಿ ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ, ಅಂದರೆ ಡೆಸಿಕೇಟರ್‌ನಲ್ಲಿ ಇಡುವುದು ಒಳ್ಳೆಯದು.

ನೆನೆಸಿ ಸೋಸಿದ ಮೇಲೆ ಕಲ್ಲಿದ್ದಲನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು, ಏಕೆಂದರೆ ಉಳಿದ ಕ್ಲೋರೈಡ್ ಮುಂದೆ ಲೋಹದ ಉಪಕರಣಗಳನ್ನು ತಿನ್ನುತ್ತದೆ. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದಾಗ ಕ್ಲೋರೈಡ್ ಇರುವುದನ್ನು ತೋರಿಸುವ ಬಿಳಿ ಮಡ್ಡಿ ಕಾಣದಾಗುವವರೆಗೂ ನಾವು ತೊಳೆಯುವುದನ್ನು ಬಿಡಲಿಲ್ಲ.