ವುಹಾನಿನ ಹುಬೈ ಪ್ರಾಂತೀಯ ವಸ್ತುಸಂಗ್ರಹಾಲಯ: ಕರಾವಳಿಯವರು ನೋಡಬೇಕಾದ ಜಾಗ

ಯಾಂಗ್ಟ್ಸೆ ಮತ್ತು ಹಾನ್ ನದಿಗಳು ಕೂಡುವ ವುಹಾನಿಗೆ ಓದಿಗೋ ವ್ಯಾಪಾರಕ್ಕೋ ಹೋಗುವ ನಮ್ಮ ಕಾರವಾರ, ಅಂಕೋಲಾ ಕಡೆಯವರು ಈ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಬೇಕು. ಪ್ರವೇಶ ಉಚಿತ, ಸೋಮವಾರ ರಜೆ, ಪಾಸ್‌ಪೋರ್ಟ್ ಜೊತೆಗಿರಲಿ.

ಇಲ್ಲಿಯ ಮುಖ್ಯ ಆಕರ್ಷಣೆ, ಪ್ರಾಚೀನ ಚೀನಾದ ಜೆಂಗ್ ರಾಜ್ಯದ ಅರಸ ಯಿ ಎಂಬವನ ಸಮಾಧಿಯಲ್ಲಿ 1978ರಲ್ಲಿ ದೊರೆತ 65 ಕಂಚಿನ ಗಂಟೆಗಳು. ಮೂರು ಸಾಲುಗಳಲ್ಲಿ ತೂಗುಬಿಟ್ಟ ಇವುಗಳ ತೊಲೆಗಳನ್ನು ಸೊಂಟಕ್ಕೆ ಕತ್ತಿ ಕಟ್ಟಿಕೊಂಡ ಕಂಚಿನ ಯೋಧರು ತಲೆ ಮತ್ತು ಕೈಗಳಿಂದ ಹೊತ್ತು ನಿಂತಿದ್ದಾರೆ. ನಮ್ಮ ದೇವಸ್ಥಾನಗಳ ಗಂಟೆಯಂತೆ ಇವು ದುಂಡಗಿಲ್ಲ. ಎರಡು ಬದಿಯಿಂದ ಅದುಮಿದಂತಿರುವ ಆಕಾರದಿಂದಾಗಿ ನಾದ ಬೇಗನೆ ಅಡಗುತ್ತದೆ, ನಡುವೆ ಬಡಿದರೆ ಒಂದು ಸ್ವರವೂ ಪಕ್ಕಕ್ಕೆ ಬಡಿದರೆ ಇನ್ನೊಂದು ಸ್ವರವೂ ಹೊರಡುತ್ತದೆ. ಯಾವ ಜಾಗದಲ್ಲಿ ಯಾವ ಸ್ವರ ಎಂಬುದನ್ನು ಗಂಟೆಯ ಮೈಮೇಲೆಯೇ ಬರೆದಿಟ್ಟಿದ್ದಾರೆ. ಪ್ರತಿಕೃತಿಗಳ ಮೇಲೆ ನುಡಿಸುವ ಕಛೇರಿಗೆ ಟಿಕೆಟ್ ಬೇರೆಯೇ ಆದರೂ, ಸಂಗೀತಪ್ರಿಯರು ಅದನ್ನು ತಪ್ಪಿಸಬಾರದು.

1965ರಲ್ಲಿ ಸಿಕ್ಕಿದ, ಪ್ರಾಚೀನ ಯುಯೆ ರಾಜ್ಯದ ಗೌಜಿಯನ್ ದೊರೆಯ ಖಡ್ಗದ ಮುಂದೆ ಜನಜಂಗುಳಿ ಸಹಜ. ಪಿಂಗಾಣಿಯ ವಿಭಾಗವನ್ನು, ಆಸಕ್ತಿ ಇಲ್ಲದಿದ್ದರೆ, ಬೇಗ ದಾಟಬಹುದು.

ಕಡಲ ವ್ಯಾಪಾರದ ಕಥೆ ಕೇಳಿ ಬೆಳೆದ ನಮ್ಮವರಿಗೆ ಹೆಚ್ಚು ಹತ್ತಿರವೆನಿಸುವುದು ಮಿಂಗ್ ರಾಜವಂಶದ ಕಾಲದ ಲಿಯಾಂಗ್ ರಾಜಕುಮಾರನ ಸಮಾಧಿಯ ಸಂಗ್ರಹ. ಅದರಲ್ಲಿರುವ ಚಿನ್ನದ ಗಟ್ಟಿಯೊಂದರ ಮೇಲೆ, ಅದನ್ನು 1419ರಲ್ಲಿ ‘ಪಶ್ಚಿಮ ಸಾಗರ’ದ, ಅಂದರೆ ಹಿಂದೂ ಮಹಾಸಾಗರದ, ಕಡೆ ಕೊಂಡದ್ದೆಂಬ ಬರಹವಿದೆ. ಚೀನಾದ ನೌಕಾನಾಯಕ ಝೆಂಗ್ ಹೆಯ ಹಡಗುಗಳು ಕಲ್ಲಿಕೋಟೆಗೆ ಬಂದುಹೋಗುತ್ತಿದ್ದ ಕಾಲವದು.