ಹಳೇ ಕಂಪ್ಯೂಟರ್‌ಗೆ ಡಿಫೆಂಡರ್ ಒಂದೇ ಸಾಕಾಯ್ತು

ನಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಇರುವುದು 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ತುಮಕೂರಲ್ಲೇ ಒಂದು ಅಂಗಡಿಯಲ್ಲಿ ರಿಪೇರಿಗೆ ಕೊಟ್ಟಾಗ ಕೇಳದೇನೇ ದುಡ್ಡಿನ ಆಂಟಿವೈರಸ್ ಹಾಕಿ ಬಿಲ್‌ಗೆ ಸೇರಿಸಿದ್ದರು. ಆಮೇಲೆ ಶುರುವಾಯಿತು ನೋಡಿ ಗೋಳು. ಸ್ವಿಚ್ ಹಾಕಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದರೂ ಡೆಸ್ಕ್‌ಟಾಪ್ ಬಂದಿರುತ್ತಿರಲಿಲ್ಲ. ಸ್ವಲ್ಪ ಜಾಸ್ತಿ ಹೇಳುತ್ತಿದ್ದೇನೆ, ಆದರೂ. ಮೂಲೆಯಲ್ಲಿ ದಿನಾ 'ಅಪ್‌ಗ್ರೇಡ್ ಮಾಡಿ' ಅಂತ ಕಾಟ ಬೇರೆ.

ಕೊನೆಗೆ ಅದನ್ನು ಕಿತ್ತು ಹಾಕಿದೆ. ಬೇರೆ ಆಂಟಿವೈರಸ್ ಇದ್ದಾಗ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ತಾನಾಗಿ ಸುಮ್ಮನಾಗುತ್ತದೆ, ಅದನ್ನು ತೆಗೆದರೆ ಮತ್ತೆ ಎದ್ದು ಕೂರುತ್ತದೆ, ಹಾಗಾಗಿ ನಾನು ಹೊಸದಾಗಿ ಏನೂ ಹಾಕಬೇಕಾಗಲಿಲ್ಲ. ಪೈಸೆ ಖರ್ಚಿಲ್ಲ. ಪೂರ್ತಿ ಸ್ಕ್ಯಾನ್ ಮಾಡುವಾಗ ಮಾತ್ರ ಡಿಸ್ಕ್ ಕರಕರ ಅನ್ನುತ್ತದೆ, ಮೌಸ್ ಕೂಡ ತಡವರಿಸುತ್ತದೆ. ಅದಕ್ಕೇ ಟಾಸ್ಕ್ ಶೆಡ್ಯೂಲರ್‌ನಲ್ಲಿ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಇಟ್ಟಿದ್ದೇನೆ.

ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ತಡೆಯಲು ಡಿಫೆಂಡರ್‌ನಲ್ಲಿರುವ ಫೋಲ್ಡರ್ ರಕ್ಷಣೆ ಮೊದಲಿಗೆ ಆಫ್ ಇರುತ್ತದೆ, ನಾವೇ ಆನ್ ಮಾಡಬೇಕು. ಮಾಡಿದ ದಿನವೇ ಮಗಳ ಚಿತ್ರ ಬಿಡಿಸುವ ಆ್ಯಪ್ ಫೈಲ್ ಸೇವ್ ಆಗಲಿಲ್ಲ ಅಂತ ರಂಪ! ಆ ಆ್ಯಪ್‌ಗೆ ಅನುಮತಿ ಕೊಟ್ಟ ಮೇಲೆ ಸರಿಹೋಯಿತು.

ಫೈರ್‌ವಾಲ್ ಕೂಡ ವಿಂಡೋಸ್‌ನದೇ ಇಟ್ಟುಕೊಂಡೆ. ಹೊರಗಿನಿಂದ ಕರೆಯದೇ ಬರುವುದನ್ನು ತಡೆಯುತ್ತದೆ, ಒಳಗಿನಿಂದ ಹೋಗುವುದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಮನೆಗೆ ಇಷ್ಟು ಸಾಕು ಅಲ್ವಾ?

ಇನ್ನೊಂದು ವಿಷಯ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಹಾಗಾಗಿ ಆಂಟಿವೈರಸ್ ಕೊಳ್ಳುವ ದುಡ್ಡು ಇದ್ದರೆ ಮೊದಲು ಹಳೇ ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಒಂದು ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ 11 ಕೂರುತ್ತಾ ನೋಡಿ.